ಸ್ಪ್ಯಾನಿಷ್ ಓದುಬಳಗದ ಮುಂದಿನ ಪುಸ್ತಕ: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ ಅವರ 'ಕ್ರೋನಿಕಾ ದೆ ಉನಾ ಮುಎರ್ತೆ ಅನುನ್ಸಿಯಾದಾ' (1981) ಕಾದಂಬರಿಯ ಓದು ಮುಗಿದಿದೆ. ಮುಂದೆ ಯಾವ ಪುಸ್ತಕವನ್ನು ಕೈಗೆತ್ತಿಕೊಳ್ಳಬೇಕು ಎಂದು ಬಳಗದವರೂ ಹೊಸದಾಗಿ ಸೇರಲಿರುವವರೂ ಕೇಳುತ್ತಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ನಮ್ಮಲ್ಲಿ ಹೆಚ್ಚಿನವರ ಮನೆಮಾತು ಕನ್ನಡ. ಸ್ಪ್ಯಾನಿಷ್ ನಾವು ಬೆಳೆದ ಮೇಲೆ, ಇಂಗ್ಲಿಷ್ ಮತ್ತು ಹಿಂದಿಗಳ ನಂತರ ಕಲಿತ ಭಾಷೆ. ಆದ್ದರಿಂದ ಸ್ಪೇನಿನಲ್ಲೋ ಮೆಕ್ಸಿಕೋದಲ್ಲೋ ನಡೆಯುವ ಓದುಬಳಗಕ್ಕೆ ಸರಿಹೊಂದುವ ಪುಸ್ತಕ ನಮಗೂ ಸರಿಹೊಂದುತ್ತದೆ ಎಂದು ಹೇಳಲಾಗದು.

ಪುಸ್ತಕವನ್ನು ಆರಿಸುವಾಗ ಎಲ್ಲಕ್ಕಿಂತ ಮೊದಲು ಏನನ್ನು ನೋಡಬೇಕು?

ಬಳಗದ ಪ್ರತಿಯೊಬ್ಬರೂ ಕೊನೆಯ ಪುಟದವರೆಗೆ ಓದಿ ಬರಬಲ್ಲರೇ ಎಂಬುದನ್ನು. ಲೇಖಕರ ಹೆಸರು, ಬಂದ ಪ್ರಶಸ್ತಿ, ವಿಮರ್ಶಕರ ಮೆಚ್ಚುಗೆ ಇವೆಲ್ಲ ಆಮೇಲಿನ ಮಾತು. ಹತ್ತು ಜನರಲ್ಲಿ ನಾಲ್ವರು ಮಾತ್ರ ಮುಗಿಸಿದ ಮೇರುಕೃತಿಗಿಂತ ಹತ್ತೂ ಜನ ಮುಗಿಸಿದ ಕಿರುಕಾದಂಬರಿಯ ಮೇಲೆ ನಡೆಯುವ ಚರ್ಚೆ ಆಳವಾಗಿರುತ್ತದೆ. ಅಂತ್ಯ ಗೊತ್ತಿಲ್ಲದವರು ನಡುವೆ ಕುಳಿತಿರುವಾಗ ಓದಿ ಬಂದವರು ಕಥೆ ಹೇಳುವವರಾಗಿಬಿಡುತ್ತಾರೆ, ಉಳಿದವರು ಕೇಳುವವರಾಗುತ್ತಾರೆ, ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಇದಾದ ಮೇಲೆ ನೋಡಬೇಕಾದದ್ದು, ಈಗಷ್ಟೇ ಮುಗಿಸಿದ ಪುಸ್ತಕ ನಮ್ಮೊಳಗೆ ಯಾವ ಪ್ರಶ್ನೆಯನ್ನು ಉಳಿಸಿದೆ ಎಂಬುದನ್ನು. ಅದೇ ಪ್ರಶ್ನೆಯನ್ನು ಬೇರೆ ನಾಡಿನ, ಬೇರೆ ಕಾಲದ, ಬೇರೆ ದನಿಯ ಲೇಖಕರೊಬ್ಬರು ಕೈಗೆತ್ತಿಕೊಂಡಿರುವ ಪುಸ್ತಕ ಸಿಕ್ಕಿದರೆ ಓದು ಬಿಡಿಬಿಡಿಯಾಗಿ ಉಳಿಯದೆ ಒಂದರಿಂದ ಇನ್ನೊಂದಕ್ಕೆ ಬೆಳೆಯುತ್ತದೆ. ಪಟ್ಟಿಯೊಂದನ್ನು ಹಿಡಿದು ಒಂದೊಂದಾಗಿ ಮುಗಿಸುತ್ತ ಹೋಗುವುದಕ್ಕಿಂತ ಈ ದಾರಿ ಒಳ್ಳೆಯದೆಂದು ನಾವು ನಂಬಿದ್ದೇವೆ.

ಮುಗಿಸಬಲ್ಲ ಪುಸ್ತಕವೇ ಅಲ್ಲವೇ ಎಂದು ಮೊದಲೇ ತಿಳಿಯುವುದು ಹೇಗೆ?

ಪುಸ್ತಕದ ನಡುವಿನ ಒಂದು ಪುಟವನ್ನು ತೆಗೆಯಿರಿ. ಮೊದಲ ಪುಟವನ್ನು ಲೇಖಕರು ವಿಶೇಷ ಎಚ್ಚರದಿಂದ ಬರೆದಿರುವುದರಿಂದ ಅದು ಉಳಿದ ಪುಸ್ತಕದ ಮಾದರಿಯಾಗಿರುವುದಿಲ್ಲ. ನಿಘಂಟು ನೋಡದೆ ಓದುತ್ತ, ಅರ್ಥವಾಗದ ಪದಗಳ ಕೆಳಗೆ ಗೆರೆ ಎಳೆದುಕೊಂಡು ಹೋಗಿ. ಕಲಿತ ಭಾಷೆಯಲ್ಲಿ ಓದುವವರಿಗೆ ಯಾರ ನೆರವೂ ಇಲ್ಲದೆ ಕಥೆ ಚೆನ್ನಾಗಿ ಅರ್ಥವಾಗಬೇಕಾದರೆ ಪುಟದ ಸುಮಾರು 98% ಪದಗಳು ಗೊತ್ತಿರಬೇಕು ಎಂದು ಹು ಮತ್ತು ನೇಷನ್ ಎಂಬ ಸಂಶೋಧಕರು 2000ದಲ್ಲಿ ತೋರಿಸಿದರು. ಅದಕ್ಕೂ ಹಿಂದಿನ ಅಧ್ಯಯನಗಳು 95% ಅನ್ನು ಕನಿಷ್ಠ ಮಟ್ಟವೆಂದು ಇಟ್ಟುಕೊಂಡಿದ್ದವು. ಒಂದು ಪುಟದಲ್ಲಿ 300 ಪದಗಳಿದ್ದರೆ, ಗೊತ್ತಿಲ್ಲದ ಪದಗಳು ಆರರ ಆಸುಪಾಸಿನಲ್ಲಿದ್ದಾಗ ಓದು ಸರಾಗ; ಹದಿನೈದರವರೆಗೆ ಇದ್ದರೆ ನಿಘಂಟಿನ ನೆರವಿನಿಂದ ಸಾಗಬಹುದು; ಮೂವತ್ತು ದಾಟಿದರೆ ಆ ಪುಸ್ತಕವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದೇ ಲೇಸು.

ಪದಗಳ ಎಣಿಕೆಯೊಂದೇ ಸಾಲದು. ಅದೇ ಪುಟದಲ್ಲಿ ಅತ್ಯಂತ ಉದ್ದವಾದ ವಾಕ್ಯವನ್ನು ಹುಡುಕಿ, ಅದರ ಮುಖ್ಯ ಕ್ರಿಯಾಪದ ಯಾವುದು, ಆ ಕ್ರಿಯೆಯನ್ನು ಮಾಡುತ್ತಿರುವವರು ಯಾರು ಎಂದು ಕೇಳಿಕೊಳ್ಳಿ. ಕನ್ನಡದಲ್ಲಿ "ಬಂದೆ" ಎಂದರೆ ಸಾಕು, "ನಾನು" ಎನ್ನಬೇಕಿಲ್ಲ. ಸ್ಪ್ಯಾನಿಷ್‌ನಲ್ಲಿಯೂ ಹಾಗೆಯೇ ಕ್ರಿಯಾಪದದ ಕೊನೆಯೇ ಕರ್ತೃವನ್ನು ಹೇಳುತ್ತದೆ. ಈ ಅಭ್ಯಾಸ ನಮಗೆ ಹುಟ್ಟಿನಿಂದ ಬಂದಿರುವುದು ಅನುಕೂಲವೇ. ಆದರೆ ವಾಕ್ಯ ಉದ್ದವಾದಂತೆಲ್ಲ ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅವರಲ್ಲಿ ಮೊದಲೇ ಬಂದು ಅದರ ಹಿಂದೆ ಉಪವಾಕ್ಯಗಳು ಸಾಲುಗಟ್ಟುತ್ತವೆ. ನಮ್ಮ ಸದಸ್ಯರು ಹೆಚ್ಚು ದಣಿಯುವುದು ಹೊಸ ಪದಗಳಿಂದಲ್ಲ, ಈ ಸಾಲಿನಿಂದ.

ನನ್ನ ಸ್ಪ್ಯಾನಿಷ್ ಬಿ1 ಮಟ್ಟದ್ದು. ನಾನು ಸೇರಬಹುದೇ?

ಖಂಡಿತ ಸೇರಬಹುದು. (ಭಾಷೆ ಕಲಿಯುವವರ ಮಟ್ಟವನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಲ್ಲಿ ಗುರುತಿಸುತ್ತಾರೆ, ಬಿ1 ಅದರಲ್ಲಿ ಮೂರನೆಯದು.) ಬಳಗದಲ್ಲಿ ಬಿ1ರಿಂದ ಸಿ1ರವರೆಗಿನ ಓದುಗರಿದ್ದಾರೆ, ಪುಸ್ತಕವನ್ನು ಆರಿಸುವುದು ಬಿ1 ದಾಟಿ ಬಿ2ರತ್ತ ಹೊರಟಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ. ಎ2 ಮಟ್ಟದವರು ದಿಫುಸಿಯೋನ್, ಎದಿನುಮೆನ್, ಎಸ್‌ಜಿಇಎಲ್ ಮುಂತಾದ ಪ್ರಕಾಶಕರು ಕಲಿಯುವವರಿಗೆಂದೇ ಮಟ್ಟ ಗುರುತಿಸಿ ತರುವ ಪುಸ್ತಕಗಳಲ್ಲಿ ಎರಡು ಮೂರನ್ನು ಮೊದಲು ಓದಿಕೊಂಡು ಬರುವುದು ಒಳ್ಳೆಯದು. ಅವರು ಬೇಕಿದ್ದರೆ ಈಗಿನಿಂದಲೇ ಚರ್ಚೆಗೆ ಬಂದು ಕುಳಿತು ಕೇಳಬಹುದು.

ಪುಟಗಳು ಕಡಿಮೆ ಇದ್ದರೆ ಪುಸ್ತಕ ಸುಲಭವೆಂದು ಅರ್ಥವೇ?

ಅಲ್ಲ. ಹುವಾನ್ ರುಲ್ಫೋ ಅವರ 'ಪೇದ್ರೋ ಪಾರಾಮೋ' (1955) ತೆಳ್ಳಗಿನ ಪುಸ್ತಕ. ಅದರ ವಾಕ್ಯಗಳು ಚಿಕ್ಕವು, ಪದಗಳಲ್ಲಿ ಬಹುಪಾಲು ದಿನಬಳಕೆಯವು. ಆದರೂ ಕೋಮಾಲಾ ಎಂಬ ಊರಿನಲ್ಲಿ ಮಾತಾಡುತ್ತಿರುವವರು ಬದುಕಿದವರೋ ಸತ್ತವರೋ ಎಂಬುದೇ ಬಹಳ ಹೊತ್ತು ತಿಳಿಯದ ಹಾಗೆ, ಕಾಲವನ್ನು ತುಂಡು ತುಂಡಾಗಿ ಮುಂದೆ ಹಿಂದೆ ಮಾಡಿ ಕಟ್ಟಿದ ಕಾದಂಬರಿಯದು. ಸ್ಪ್ಯಾನಿಷ್ ಮನೆಮಾತಾದವರೂ ಮೊದಲ ಓದಿನಲ್ಲಿ ಅಲ್ಲಿ ದಾರಿ ತಪ್ಪುತ್ತಾರೆ. ಅದನ್ನು ಓದಲೇಬೇಕು, ಎರಡು ಬಾರಿ ಓದುವಷ್ಟು ಸಮಯ ಕೊಟ್ಟುಕೊಂಡು ಓದಬೇಕು.

ಇನ್ನೊಂದು ಉದಾಹರಣೆ ಹುವಾನ್ ರಾಮೋನ್ ಹಿಮೆನೆಸ್ ಅವರ 'ಪ್ಲಾತೇರೋ ಇ ಯೋ' (1914). ಕತ್ತೆಮರಿಯೊಂದರ ಜೊತೆಗಿನ ಮಾತುಕತೆ, ಒಂದೋ ಎರಡೋ ಪುಟದ ಅಧ್ಯಾಯಗಳು, ಶಾಲೆಗಳಲ್ಲಿ ಓದಿಸುವ ಪುಸ್ತಕ ಎಂದೆಲ್ಲ ಕೇಳಿ ಹೊಸ ಸದಸ್ಯರು ಇದನ್ನು ಸೂಚಿಸುತ್ತಲೇ ಇರುತ್ತಾರೆ. ವಾಸ್ತವದಲ್ಲಿ ಅದು ಗದ್ಯದ ರೂಪದಲ್ಲಿರುವ ಕವಿತೆ. ದಕ್ಷಿಣ ಸ್ಪೇನಿನ ಆಂದಲೂಸಿಯಾದ ಗಿಡ, ಹೂ, ಹಕ್ಕಿ, ಬಣ್ಣ, ಬೆಳಕುಗಳ ಹೆಸರುಗಳು ಸಾಲುಸಾಲಾಗಿ ಬರುವುದರಿಂದ ಮೇಲೆ ಹೇಳಿದ ಪದಗಳ ಎಣಿಕೆಯಲ್ಲಿ ಅದು ಬೇಗ ಸೋಲುತ್ತದೆ. ಹಿಮೆನೆಸ್ ಮತ್ತು ಅವರ ಪತ್ನಿ ಸೆನೋಬಿಯಾ ಕಾಂಪ್ರೂಬಿ ರವೀಂದ್ರನಾಥ ಠಾಕೂರರ ಕೃತಿಗಳನ್ನು ಸ್ಪ್ಯಾನಿಷ್‌ಗೆ ತಂದವರು, ಅದರಲ್ಲಿ ಮೊದಲನೆಯದು 1915ರಲ್ಲಿ ಬಂತು. ಈ ನಂಟನ್ನು ತಿಳಿದು ಓದುವವರಿಗೆ ಪುಸ್ತಕ ಇನ್ನಷ್ಟು ಹತ್ತಿರವಾಗುತ್ತದೆ. ವಾರಕ್ಕೆರಡು ಅಧ್ಯಾಯದಂತೆ ಮನೆಯಲ್ಲಿ ಗಟ್ಟಿಯಾಗಿ ಓದಿಕೊಳ್ಳಲು ಅದಕ್ಕಿಂತ ಒಳ್ಳೆಯ ಪುಸ್ತಕ ಸಿಗಲಾರದು, ಒಂದು ತಿಂಗಳ ಚರ್ಚೆಗೆ ಮಾತ್ರ ಅದು ಒಗ್ಗುವುದಿಲ್ಲ.

ಈ ಬಾರಿ ಪರಿಶೀಲನೆಯಲ್ಲಿರುವ ಪುಸ್ತಕಗಳು ಯಾವುವು?

ಐದು ಪುಸ್ತಕಗಳಿವೆ. ಅಂತ್ಯವನ್ನು ಬಿಟ್ಟುಕೊಡದೆ ಒಂದೊಂದರ ಬಗ್ಗೆಯೂ ಹೇಳಬಹುದಾದಷ್ಟನ್ನು ಹೇಳುತ್ತೇವೆ.

ಮಿಗೇಲ್ ದೆಲೀಬೆಸ್ ಅವರ 'ಎಲ್ ಕಮೀನೋ' (1950) ಉತ್ತರ ಸ್ಪೇನಿನ ಕಣಿವೆಯೊಂದರ ಹಳ್ಳಿಯ ಕಥೆ. ಗಿಣ್ಣು ಮಾಡಿ ಮಾರುವ ತಂದೆ ಮಗ ದನಿಯೇಲ್‌ನನ್ನು ಓದಲು ಪಟ್ಟಣಕ್ಕೆ ಕಳುಹಿಸಲು ನಿಶ್ಚಯಿಸಿದ್ದಾನೆ. ಹೊರಡುವ ಹಿಂದಿನ ರಾತ್ರಿ ನಿದ್ದೆ ಬಾರದೆ ಮಲಗಿರುವ ಹನ್ನೊಂದರ ಹುಡುಗ ತನ್ನ ಊರನ್ನೂ ಗೆಳೆಯರನ್ನೂ ನೆನೆಯುತ್ತಾನೆ. ಮಗ ತನಗಿಂತ ಮೇಲೆ ಬರಬೇಕೆಂಬ ತಂದೆಯ ಹಂಬಲ, ಊರು ಬಿಡಲೊಲ್ಲದ ಮಗನ ಸಂಕಟ, ಇವನ್ನು ಮಲೆನಾಡಿನಿಂದಲೋ ಬಯಲುಸೀಮೆಯಿಂದಲೋ ಓದಲೆಂದು ಹೊರಟು ಬಂದ ನಮ್ಮ ಸದಸ್ಯರಿಗೆ ವಿವರಿಸಿ ಹೇಳಬೇಕಿಲ್ಲ. ಊರಿನ ಪ್ರತಿಯೊಬ್ಬರಿಗೂ ಒಂದು ಅಡ್ಡಹೆಸರಿದೆ. ದನಿಯೇಲ್‌ನ ಅಡ್ಡಹೆಸರು ಒಂದು ಜಾತಿಯ ಗೂಬೆಯದು. ತೊಡಕು ಒಂದೇ, ಹಳ್ಳಿಯ ಬದುಕಿನ ಮತ್ತು ಹಕ್ಕಿಗಳ ಹೆಸರುಗಳು ಹೇರಳವಾಗಿವೆ. ಹಕ್ಕಿಗಳ ಚಿತ್ರಸಹಿತ ಪಟ್ಟಿಯೊಂದನ್ನು ಮೊದಲೇ ಮಾಡಿಕೊಂಡರೆ ಅರ್ಧ ಕಷ್ಟ ನೀಗುತ್ತದೆ.

ಕಾರ್ಮೆನ್ ಲಾಫೊರೆತ್ ಅವರ 'ನಾದಾ' (1945) ಸ್ಪೇನಿನ ನಾದಾಲ್ ಸಾಹಿತ್ಯ ಪ್ರಶಸ್ತಿಯನ್ನು ಪಡೆದ ಮೊದಲ ಕಾದಂಬರಿ. ಆಗ ಲೇಖಕಿಗೆ 23 ವರ್ಷ. ಸ್ಪೇನಿನ ಅಂತರ್ಯುದ್ಧ (1936–39) ಮುಗಿದ ಬಾರ್ಸೆಲೋನಾಕ್ಕೆ ಓದಲು ಬರುವ ಆಂದ್ರೆಯಾ, ಅರಿಬಾವು ಬೀದಿಯ ಅಜ್ಜಿಯ ಮನೆಯಲ್ಲಿ ಹಸಿವು, ಜಗಳ, ಗುಟ್ಟುಗಳ ನಡುವೆ ಕಳೆಯುವ ಒಂದು ವರ್ಷದ ಕಥೆ ಇದು. ಯುದ್ಧದ ಬಗ್ಗೆ ನೇರವಾಗಿ ಬಹಳ ಕಡಿಮೆ ಹೇಳಿ, ಮನೆಯ ಕತ್ತಲಲ್ಲಿ ಅದನ್ನು ತೋರಿಸುವ ಬಗೆ ಅಪೂರ್ವ. ಪುಸ್ತಕ ದೊಡ್ಡದು, ವರ್ಣನೆಯ ವಾಕ್ಯಗಳು ಉದ್ದ. ಇದನ್ನು ಆರಿಸುವುದಾದರೆ ಎರಡು ತಿಂಗಳು ಬೇಕು. ಕಾದಂಬರಿ ಮೂರು ಭಾಗಗಳಲ್ಲಿರುವುದರಿಂದ ಹಂಚಿಕೊಳ್ಳಲು ಸುಲಭ.

ಕಾರ್ಲೋಸ್ ಫುಎಂತೆಸ್ ಅವರ 'ಆವುರಾ' (1962) ಎರಡು ಸಂಜೆಗಳಲ್ಲಿ ಮುಗಿಯುವಷ್ಟು ಚಿಕ್ಕದು. ಪತ್ರಿಕೆಯಲ್ಲಿನ ಜಾಹೀರಾತೊಂದನ್ನು ನೋಡಿ ಮೆಕ್ಸಿಕೋ ನಗರದ ದೊನ್ಸೇಲೆಸ್ ಬೀದಿಯ ಹಳೆಯ ಮನೆಗೆ ಕೆಲಸಕ್ಕೆ ಹೋಗುವ ಯುವಕನೊಬ್ಬನ ಈ ಕಥೆಯನ್ನು ಇಡಿಯಾಗಿ "ನೀನು" ಎಂದು ಸಂಬೋಧಿಸುತ್ತ, ವರ್ತಮಾನ ಮತ್ತು ಭವಿಷ್ಯತ್ ಕಾಲಗಳಲ್ಲಿ ಹೇಳಲಾಗಿದೆ. ವ್ಯಾಕರಣದ ದೃಷ್ಟಿಯಿಂದ ಬಿ1 ಓದುಗರಿಗೆ ಇದೊಂದು ವರ, ಏಕೆಂದರೆ ಭೂತಕಾಲದ ನಾನಾ ರೂಪಗಳ ಕಾಟ ಇಲ್ಲಿಲ್ಲ.

ಸಮಾಂತಾ ಶ್ವೆಬ್ಲಿನ್ ಅವರ 'ದಿಸ್ತಾನ್ಸಿಯಾ ದೆ ರೆಸ್ಕಾತೆ' (2014) ಅರ್ಜೆಂಟೀನಾದ ಹಳ್ಳಿಗಾಡಿನದು. ಆಸ್ಪತ್ರೆಯ ಹಾಸಿಗೆಯಲ್ಲಿರುವ ಅಮಾಂದಾ ಮತ್ತು ದವೀದ್ ಎಂಬ ಹುಡುಗನ ನಡುವಿನ ಮಾತುಕತೆಯೇ ಕಾದಂಬರಿ. ಮಗುವಿಗೆ ಅಪಾಯ ಬಂದರೆ ತಾನು ಎಷ್ಟು ಬೇಗ ಓಡಿ ತಲುಪಬಲ್ಲೆ ಎಂದು ತಾಯಿಯೊಬ್ಬಳು ಸದಾ ಅಳೆಯುತ್ತಿರುವ ದೂರವೇ ಅದರ ಶೀರ್ಷಿಕೆ. ಸೋಯಾ ಹೊಲಗಳ ವಿಷ ನೀರಿಗೂ ಮಣ್ಣಿಗೂ ಮಕ್ಕಳ ಮೈಗೂ ಇಳಿಯುವ ಭಯ ಪುಸ್ತಕದ ತುಂಬ ಹರಡಿದೆ. ದಕ್ಷಿಣ ಕನ್ನಡದ ಗೇರು ತೋಟಗಳಿಗೆ ಎಂಡೋಸಲ್ಫಾನ್ ಸಿಂಪಡಿಸಿದ ವರ್ಷಗಳನ್ನೂ, ಕೊಕ್ಕಡದಂಥ ಊರುಗಳ ಮಕ್ಕಳು ಅದರಿಂದ ಅನುಭವಿಸಿದ್ದನ್ನೂ ಬಲ್ಲ ಕನ್ನಡ ಓದುಗರು ಈ ಪುಸ್ತಕವನ್ನು ದೂರದ ಕಥೆಯೆಂದು ಓದಲಾರರು. ಆ ಕೀಟನಾಶಕವನ್ನು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆದದ್ದು 2011ರಲ್ಲಿ. ಈ ಕಾದಂಬರಿ ಬಂದದ್ದು ಮೂರು ವರ್ಷಗಳ ನಂತರ.

ಐದನೆಯದು ರಾಮೋನ್ ಹೊಸೆ ಸೆಂದೆರ್ ಅವರ 'ರೆಕಿಯೆಮ್ ಪೋರ್ ಉನ್ ಕಾಂಪೆಸೀನೋ ಎಸ್ಪಾನ್ಯೋಲ್', ಅಂದರೆ 'ಸ್ಪೇನಿನ ರೈತನೊಬ್ಬನ ಆತ್ಮಶಾಂತಿಯ ಪೂಜೆ'. ಅದರ ವಿಚಾರ ಮುಂದಿನ ಉತ್ತರದಲ್ಲಿದೆ.

ಸಂಚಾಲಕರ ಒಲವು ಯಾವ ಪುಸ್ತಕದ ಕಡೆಗಿದೆ?

ಸೆಂದೆರ್ ಅವರ ಪುಸ್ತಕದ ಕಡೆಗೆ, ಸ್ಪಷ್ಟವಾಗಿಯೇ. ಕಾರಣಗಳನ್ನು ವಿವರವಾಗಿ ಹೇಳಬೇಕು.

'ಕ್ರೋನಿಕಾ' ನಮ್ಮಲ್ಲಿ ಉಳಿಸಿದ ಪ್ರಶ್ನೆ ಯಾವುದು? ಸಾಂತಿಯಾಗೋ ನಸ್ಸಾರ್‌ನನ್ನು ಕೊಲ್ಲುತ್ತೇವೆ ಎಂದು ವಿಕಾರಿಯೋ ಸೋದರರು ಊರೆಲ್ಲ ಸಾರಿಕೊಂಡು ತಿರುಗಿದರೂ ಯಾರೂ ತಡೆಯಲಿಲ್ಲ. 1951ರಲ್ಲಿ ಕೊಲಂಬಿಯಾದ ಸೂಕ್ರೆ ಎಂಬ ಊರಿನಲ್ಲಿ ನಿಜವಾಗಿ ನಡೆದ ಕೊಲೆಯೊಂದು ಆ ಕಾದಂಬರಿಯ ಹಿಂದಿದೆ. ಮನೆತನದ ಮರ್ಯಾದೆಯ ಹೆಸರಿನ ಕೊಲೆಗಳ ಸುದ್ದಿಯನ್ನು ನಮ್ಮ ಜಿಲ್ಲೆಗಳಿಂದಲೂ ಓದುತ್ತಿರುವ ನಮಗೆ ಕೊಂದವರಿಗಿಂತ ಹೆಚ್ಚಾಗಿ ಕಾಡಿದ್ದು ನೋಡುತ್ತ ನಿಂತವರು. ಚರ್ಚೆಯ ದಿನ ಮಾತು ಮತ್ತೆ ಮತ್ತೆ ಬಂದು ನಿಂತದ್ದು ಅಲ್ಲಿಯೇ: ಗೊತ್ತಿದ್ದವರ ಪಾಲಿನ ತಪ್ಪೆಷ್ಟು?

ಸೆಂದೆರ್ ಅವರ ಕಿರುಕಾದಂಬರಿ ಇದೇ ಪ್ರಶ್ನೆಯನ್ನು ಸ್ಪೇನಿನ ಅಂತರ್ಯುದ್ಧದ ಕಾಲದ, ಅರಗೋನ್ ಪ್ರಾಂತ್ಯದ ಹಳ್ಳಿಯೊಂದಕ್ಕೆ ಒಯ್ಯುತ್ತದೆ. ಕಥೆಯ ವರ್ತಮಾನ ಕೆಲವೇ ನಿಮಿಷಗಳದ್ದು. ಪಾಕೋ ಎಂಬ ಯುವ ರೈತನನ್ನು ಕೊಂದು ವರ್ಷ ತುಂಬಿದೆ. ಅವನ ಆತ್ಮಶಾಂತಿಗಾಗಿ ಪೂಜೆ ನಡೆಸಲು ಪಾದ್ರಿ ಮೊಸೆನ್ ಮಿಯಾನ್ ಇಗರ್ಜಿಯಲ್ಲಿ ಕುಳಿತು ಊರವರು ಬರಲೆಂದು ಕಾಯುತ್ತಿದ್ದಾನೆ. ಊರವರು ಬರುತ್ತಿಲ್ಲ. ಬರುವವರು ಪಾಕೋ ಬದುಕಿದ್ದಾಗ ಅವನಿಗೆ ಎದುರಾಗಿ ನಿಂತಿದ್ದ ಮೂವರು ಸಿರಿವಂತರು. ಪೂಜೆಯ ಖರ್ಚನ್ನು ತಾವು ಕೊಡುತ್ತೇವೆಂದು ಒಬ್ಬೊಬ್ಬರೂ ಮುಂದೆ ಬರುತ್ತಾರೆ. ಈ ಕಾಯುವಿಕೆಯ ನಡುವೆ, ತಾನೇ ಜ್ಞಾನಸ್ನಾನ ಮಾಡಿಸಿದ, ತಾನೇ ಮದುವೆ ಮಾಡಿಸಿದ ಆ ಹುಡುಗನ ಇಡೀ ಬದುಕು ಪಾದ್ರಿಯ ನೆನಪಿನಲ್ಲಿ ಹಾದುಹೋಗುತ್ತದೆ. ಸಾಯುತ್ತಿರುವವನೊಬ್ಬನ ಕೊನೆಯ ಸಂಸ್ಕಾರಕ್ಕೆಂದು ಪಾದ್ರಿಯ ಜೊತೆ ಊರಾಚೆಯ ಗುಹೆಯ ಮನೆಗೆ ಹೋದ ಬಾಲಕ ಪಾಕೋ ಅಲ್ಲಿನ ಬಡತನವನ್ನು ಕಂಡು ಕೇಳುವ ಪ್ರಶ್ನೆಗಳಿಗೆ ಪಾದ್ರಿಯಲ್ಲಿ ಸರಿಯಾದ ಉತ್ತರವಿಲ್ಲ. ಪಾಕೋ ಬೆಳೆದು ಹಿಡಿಯುವ ದಾರಿಯೆಲ್ಲ ಆ ಪ್ರಶ್ನೆಗಳಿಂದಲೇ ಹೊರಡುತ್ತದೆ. ಅವನ ಸಾವಿನಲ್ಲಿ ಪಾದ್ರಿಯ ಪಾಲೇನು ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಚರ್ಚೆಯ ಬಹುಭಾಗ ಅದರ ಸುತ್ತಲೇ ನಡೆಯಲಿದೆ.

ಊರಿನ ಜನ ಈ ಕಥೆಯಲ್ಲಿಯೂ ಮಾತಾಡುತ್ತಾರೆ. ಇಗರ್ಜಿಯ ಸಹಾಯಕ ಹುಡುಗ ಪಾಕೋನ ಮೇಲೆ ಜನ ಕಟ್ಟಿದ ಲಾವಣಿಯ ಸಾಲುಗಳನ್ನು ಗುನುಗುತ್ತ ಓಡಾಡುತ್ತಾನೆ. ಪಾದ್ರಿ ಮರೆಯಬಯಸುವುದನ್ನು ಆ ಲಾವಣಿ ಮರೆಯಗೊಡುವುದಿಲ್ಲ. ಹೆಂಗಸರು ನೂಲುತ್ತ, ಹರಟುತ್ತ, ಎಳೆಬಿಸಿಲಿನಲ್ಲಿ ಸೇರುವ ಕರಸೋಲ್ ಎಂಬ ಜಾಗವಿದೆ. ಊರಿನ ನ್ಯಾಯ ಅನ್ಯಾಯಗಳ ತೀರ್ಮಾನ ನಿಜವಾಗಿ ನಡೆಯುವುದು ಅಲ್ಲಿ. ಲಾವಣಿಗಳ ನಾಡಿನವರಾದ ನಾವು ಕಥೆಯನ್ನು ಕಟ್ಟಿರುವ ಈ ಬಗೆಯನ್ನು ಬೇಗ ಹಿಡಿಯಬಲ್ಲೆವು.

ಪುಸ್ತಕದ ಚರಿತ್ರೆಯೂ ತಿಳಿಯಬೇಕಾದದ್ದೇ. ಅಂತರ್ಯುದ್ಧದಲ್ಲಿ ಗಣರಾಜ್ಯದ ಪರವಾಗಿದ್ದ ಸೆಂದೆರ್ (1901–1982) ದೇಶ ಬಿಟ್ಟು ಮೊದಲು ಮೆಕ್ಸಿಕೋದಲ್ಲಿ, ಬಳಿಕ ಅಮೆರಿಕದಲ್ಲಿ ಬಾಳಿದರು. 1953ರಲ್ಲಿ ಮೆಕ್ಸಿಕೋದಲ್ಲಿ ಈ ಪುಸ್ತಕ ಹೊರಬಂದಾಗ ಅದರ ಹೆಸರು 'ಮೊಸೆನ್ ಮಿಯಾನ್' ಎಂದಿತ್ತು. ಈಗಿನ ಹೆಸರು ಬಂದದ್ದು 1960ರ ಆವೃತ್ತಿಯಲ್ಲಿ. ಪಾದ್ರಿಯ ಹೆಸರಿದ್ದ ಜಾಗಕ್ಕೆ ರೈತ ಬಂದದ್ದು ಏಕಿರಬಹುದು ಎಂದು ಸದಸ್ಯರು ಓದುತ್ತ ಯೋಚಿಸಲಿ. ಆ ಯುದ್ಧವನ್ನು ಗೆದ್ದು ಸ್ಪೇನನ್ನು ಆಳಿದ ಸರ್ವಾಧಿಕಾರಿ ಫ್ರಾಂಕೋನ ಆಡಳಿತದ ಬಹುಪಾಲು ಕಾಲ ಇದು ಸ್ಪೇನಿನ ಅಂಗಡಿಗಳಿಗೆ ಬರಲಿಲ್ಲ.

ಭಾಷೆ ಶುಭ್ರವಾಗಿದೆ, ಅಲಂಕಾರವಿಲ್ಲ. ಭೂತಕಾಲದ ಎರಡು ಮುಖ್ಯ ರೂಪಗಳು ಎಲ್ಲಿ ಹೇಗೆ ಬೇರಾಗುತ್ತವೆ ಎಂಬುದನ್ನು ಕಲಿಯಲು ಇದಕ್ಕಿಂತ ತಿಳಿಯಾದ ಗದ್ಯ ದೊರೆಯುವುದು ಕಷ್ಟ. ಇಗರ್ಜಿಯ ಆಚರಣೆಗಳಿಗೆ ಸಂಬಂಧಿಸಿದ ಪದಗಳು ಮಾತ್ರ ಹೊಸವು, ಅವನ್ನು ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಕೊಡುತ್ತೇವೆ.

ಸ್ಪೇನಿನ ಪುಸ್ತಕ ಮತ್ತು ಲ್ಯಾಟಿನ್ ಅಮೆರಿಕದ ಪುಸ್ತಕಗಳ ಭಾಷೆ ಬೇರೆಯೇ?

ಒಂದೇ ಭಾಷೆ, ಧಾರವಾಡದ ಕನ್ನಡವೂ ಕುಂದಾಪುರದ ಕನ್ನಡವೂ ಒಂದೇ ಆಗಿರುವಂತೆ. ಓದುವವರು ಗಮನಿಸಬೇಕಾದ ವ್ಯತ್ಯಾಸಗಳು ಕೆಲವೇ. ಸ್ಪೇನಿನಲ್ಲಿ ಸಲುಗೆಯವರು ಹಲವರಿದ್ದಾಗ "ವೊಸೋತ್ರೋಸ್" ಎನ್ನುತ್ತಾರೆ, ಅದಕ್ಕೆ ಹೊಂದುವ ಕ್ರಿಯಾರೂಪಗಳು ಬೇರೆ. ಅಮೆರಿಕ ಖಂಡದಲ್ಲಿ ಎಲ್ಲರಿಗೂ "ಉಸ್ತೇದೆಸ್" ಸಾಕು. ಅರ್ಜೆಂಟೀನಾದಲ್ಲಿ ಏಕವಚನಕ್ಕೆ "ತೂ" ಬದಲು "ವೋಸ್" ಬಳಕೆಯಲ್ಲಿದೆ, "ತಿಯೆನೆಸ್" ಎನ್ನುವಲ್ಲಿ "ತೆನೆಸ್" ಎನ್ನುತ್ತಾರೆ. ಹತ್ತು ಪುಟ ಓದುವಷ್ಟರಲ್ಲಿ ಇದು ರೂಢಿಯಾಗುತ್ತದೆ. ಪ್ರಾಂತೀಯ ಪದಗಳಿಗೆ ಸ್ಪ್ಯಾನಿಷ್ ಅಕಾಡೆಮಿಗಳ ಒಕ್ಕೂಟ 2010ರಲ್ಲಿ ತಂದ ಅಮೆರಿಕನ್ ಪದಗಳ ನಿಘಂಟು ನೆರವಾಗುತ್ತದೆ, ಉಳಿದವಕ್ಕೆ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿದೆ.

ಆಡುನುಡಿಯೇ ಮುಖ್ಯವಾದ ಪುಸ್ತಕಗಳ ಮಾತು ಬೇರೆ. ಫೆರ್ನಾಂದಾ ಮೆಲ್ಚೋರ್ ಅವರ 'ತೆಂಪೊರಾದಾ ದೆ ಉರಕಾನೆಸ್' (2017) ಪ್ರಬಲವಾದ ಕಾದಂಬರಿ. ಆದರೆ ಪುಟಗಟ್ಟಲೆ ನಿಲ್ಲದೆ ಹರಿಯುವ ವಾಕ್ಯಗಳು, ಮೆಕ್ಸಿಕೋದ ವೆರಾಕ್ರೂಸ್ ಪ್ರಾಂತ್ಯದ ಬೀದಿಮಾತು ಬೈಗುಳಗಳು ಸಿ1 ಮಟ್ಟದವರನ್ನೂ ಬೆವರಿಳಿಸುತ್ತವೆ.

'ಸಿಯೆನ್ ಆನ್ಯೋಸ್ ದೆ ಸೊಲೆದಾದ್' ಅಥವಾ 'ದೋನ್ ಕಿಹೋತೆ' ಏಕೆ ಪಟ್ಟಿಯಲ್ಲಿಲ್ಲ?

ಗಾತ್ರದ ಕಾರಣಕ್ಕೆ. ಗಾರ್ಸಿಯಾ ಮಾರ್ಕೆಸ್ ಅವರದೇ ಆದ ಮೊದಲನೆಯದರಲ್ಲಿ (1967) ಬುಎಂದಿಯಾ ವಂಶದ ತಲೆಮಾರುಗಳಲ್ಲಿ ಅವೇ ಹೆಸರುಗಳು ಮರುಕಳಿಸುತ್ತವೆ, ವಂಶವೃಕ್ಷವನ್ನು ಎದುರಿಗಿಟ್ಟುಕೊಂಡು ನಿಧಾನವಾಗಿ ಓದಬೇಕಾದ ಪುಸ್ತಕವದು. ಸೆರ್ವಾಂತೆಸ್ ಬರೆದ ಎರಡನೆಯದರ ಎರಡು ಭಾಗಗಳು 1605 ಮತ್ತು 1615ರವು, ಭಾಷೆಯೂ ಆ ಕಾಲದ್ದು. ಇವನ್ನು ಓದಬಯಸುವವರಿಗೆ ವರ್ಷಪೂರ್ತಿ ನಡೆಯುವ ಬೇರೆಯದೇ ಗುಂಪು ಬೇಕು. ಅಂಥ ಗುಂಪು ಕಟ್ಟಲು ಯಾರಾದರೂ ಮುಂದಾದರೆ ನಮಗೆ ಬಹಳ ಸಂತೋಷ.

ಕನ್ನಡ ಅಥವಾ ಇಂಗ್ಲಿಷ್ ಅನುವಾದವನ್ನು ಜೊತೆಗೆ ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳಬಹುದು, ಮೂಲದ ಅಧ್ಯಾಯವನ್ನು ಒಮ್ಮೆ ಓದಿದ ಮೇಲೆ ತೆರೆಯಬೇಕೆಂಬ ನಿಯಮದೊಂದಿಗೆ. ಅನುವಾದವನ್ನು ಮೊದಲು ಓದಿದವರು ಮೂಲದಲ್ಲಿ ತಮಗೆ ಗೊತ್ತಿರುವುದನ್ನೇ ಹುಡುಕುತ್ತಾರೆ, ಅಲ್ಲಿರುವುದು ಕಾಣುವುದಿಲ್ಲ. 'ಸಿಯೆನ್ ಆನ್ಯೋಸ್' ಕಾದಂಬರಿಯನ್ನು ಎ.ಎನ್. ಪ್ರಸನ್ನ ಕನ್ನಡಕ್ಕೆ ತಂದಿದ್ದಾರೆ. ಲ್ಯಾಟಿನ್ ಅಮೆರಿಕದ ಸಾಹಿತ್ಯ ಕನ್ನಡಕ್ಕೆ ಬಂದಿರುವುದು ಹೆಚ್ಚಾಗಿ ಇಂಗ್ಲಿಷ್ ಮೂಲಕ. ಸ್ಪ್ಯಾನಿಷ್‌ನಿಂದ ನೇರವಾಗಿ ಅನುವಾದಿಸಬಲ್ಲವರು ನಮ್ಮಂಥ ಬಳಗಗಳಿಂದ ಬರಬೇಕೆಂಬುದು ಇದನ್ನು ನಡೆಸುವವರ ಆಸೆ. ಅದಕ್ಕಾಗಿಯೇ ಪ್ರತಿ ಚರ್ಚೆಯ ಕೊನೆಯಲ್ಲಿ ಒಂದು ಪ್ಯಾರಾವನ್ನು ಎಲ್ಲರೂ ಸೇರಿ ಕನ್ನಡಕ್ಕೆ ತರುವ ಪ್ರಯತ್ನ ಮಾಡುತ್ತೇವೆ.

ಸಿನಿಮಾ ನೋಡಿಕೊಂಡು ಬಂದರೆ ಆಗದೇ?

ಪುಸ್ತಕದ ಬದಲಿಗೆ ಆಗದು. ಚರ್ಚೆಯಾದ ಮೇಲೆ ಒಟ್ಟಾಗಿ ನೋಡುವುದು ಒಳ್ಳೆಯ ಅಭ್ಯಾಸ. 'ರೆಕಿಯೆಮ್' 1985ರಲ್ಲಿ, 'ಎಲ್ ಕಮೀನೋ' 1963ರಲ್ಲಿ, 'ನಾದಾ' 1947ರಲ್ಲಿ, 'ದಿಸ್ತಾನ್ಸಿಯಾ' 2021ರಲ್ಲಿ ಚಲನಚಿತ್ರಗಳಾಗಿವೆ.

ಪುಸ್ತಕಗಳು ಎಲ್ಲಿ ಸಿಗುತ್ತವೆ? ನಕಲು ಪ್ರತಿ ಹಂಚಿಕೊಳ್ಳಬಹುದೇ?

ಸ್ಪ್ಯಾನಿಷ್ ಪುಸ್ತಕಗಳ ಮುದ್ರಿತ ಪ್ರತಿಗಳು ಭಾರತದಲ್ಲಿ ಆಮದಾಗಿ ಬರುವುದರಿಂದ ದುಬಾರಿ, ಬರುವುದೂ ತಡ. ಹೆಚ್ಚಿನ ಸದಸ್ಯರು ಇ-ಪುಸ್ತಕಗಳನ್ನು ಕೊಳ್ಳುತ್ತಾರೆ. ಪದದ ಮೇಲೆ ಬೆರಳಿಟ್ಟರೆ ನಿಘಂಟು ತೆರೆಯುವ ಸೌಲಭ್ಯ ಕಲಿಯುವವರಿಗೆ ದೊಡ್ಡ ಅನುಕೂಲ. ಸ್ಪ್ಯಾನಿಷ್ ಭಾಷೆ ಮತ್ತು ಸಂಸ್ಕೃತಿಗಾಗಿ ಸ್ಪೇನ್ ಸರ್ಕಾರ ನಡೆಸುವ ಇನ್ಸ್ತಿತೂತೋ ಸೆರ್ವಾಂತೆಸ್‌ನ ದೆಹಲಿ ಕೇಂದ್ರದಲ್ಲಿ ಗ್ರಂಥಾಲಯವಿದೆ, ಸದಸ್ಯರಿಗೆ ವಿದ್ಯುನ್ಮಾನ ಪುಸ್ತಕಗಳೂ ಎರವಲು ಸಿಗುತ್ತವೆ.

ಹಕ್ಕುಸ್ವಾಮ್ಯ ಇರುವ ಪುಸ್ತಕದ ನಕಲನ್ನು ಬಳಗದಲ್ಲಿ ಹಂಚುವುದಿಲ್ಲ, ಈ ವಿಷಯದಲ್ಲಿ ನಾವು ಬಿಗಿಯಾಗಿದ್ದೇವೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಸೆಂದೆರ್ ತೀರಿಕೊಂಡದ್ದು 1982ರಲ್ಲಾದ್ದರಿಂದ 2042ರ ಕೊನೆಯವರೆಗೆ ಕೊಂಡೇ ಓದಬೇಕು. ಸ್ಪೇನಿನಲ್ಲಿ 1987ರ ಡಿಸೆಂಬರ್ 7ಕ್ಕೆ ಮೊದಲು ತೀರಿಕೊಂಡವರಿಗೆ ಈ ಅವಧಿ 80 ವರ್ಷ, ಹಾಗಾಗಿ 1936ರಲ್ಲಿ ತೀರಿಕೊಂಡ ಸ್ಪೇನಿನ ಲೇಖಕರಾದ ಲೋರ್ಕಾ ಮತ್ತು ಉನಾಮೂನೋ ಅವರ ಕೃತಿಗಳು ಅಲ್ಲಿಯೂ 2017ರಿಂದ ಮುಕ್ತವಾಗಿವೆ. ಹಣ ಖರ್ಚು ಮಾಡಲಾಗದ ಸದಸ್ಯರಿರುವ ಬಳಗಗಳು ಇವರಿಬ್ಬರಿಂದ, ಇಲ್ಲವೇ 1920ರಲ್ಲಿ ತೀರಿಕೊಂಡ ಪೆರೆಸ್ ಗಾಲ್ದೋಸ್ ಅವರ 'ಮರಿಯನೇಲಾ' (1878) ಕಾದಂಬರಿಯಿಂದ ಆರಂಭಿಸಬಹುದು. ಹಳೆಯ ಕೃತಿಗಳ ನಂಬಲರ್ಹ ಪಠ್ಯಗಳು ಮಿಗೇಲ್ ದೆ ಸೆರ್ವಾಂತೆಸ್ ವರ್ಚುವಲ್ ಗ್ರಂಥಾಲಯದಲ್ಲಿ ಉಚಿತವಾಗಿ ದೊರೆಯುತ್ತವೆ.

ಕಾದಂಬರಿಯನ್ನೇ ಏಕೆ ಆರಿಸಬೇಕು? ನಾಟಕ, ಸಣ್ಣಕಥೆ ಬೇಡವೇ?

ಬೇಕು. ಲೋರ್ಕಾ ಅವರ 'ಲಾ ಕಾಸಾ ದೆ ಬೆರ್ನಾರ್ದಾ ಆಲ್ಬಾ' ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಲು ಹೇಳಿ ಮಾಡಿಸಿದಂತಿದೆ. 1936ರಲ್ಲಿ ಬರೆದು ಮುಗಿಸಿದ ಈ ನಾಟಕ ಲೇಖಕರ ಕೊಲೆಯಾಗಿ ವರ್ಷಗಳು ಕಳೆದ ಮೇಲೆ, 1945ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಮೊದಲ ಬಾರಿ ರಂಗಕ್ಕೆ ಬಂತು. ಗಂಡ ಸತ್ತ ಮೇಲೆ ಎಂಟು ವರ್ಷ ಶೋಕ ಆಚರಿಸಬೇಕೆಂದು ಹೆಣ್ಣುಮಕ್ಕಳನ್ನು ಮನೆಯೊಳಗೆ ಕೂಡಿಹಾಕುವ ತಾಯಿಯ ಕಥೆಗೆ ಮಾತುಕತೆಯೇ ಆಧಾರವಾದ್ದರಿಂದ ಭಾಷೆಯೂ ಕೈಗೆ ಎಟುಕುತ್ತದೆ. 'ರೆಕಿಯೆಮ್' ನಂತರದ ಸರದಿಗೆ ಇದನ್ನು ಈಗಲೇ ಸೂಚಿಸಿದ್ದೇವೆ.

ಹಿಂಸೆ, ಸಾವು ತುಂಬಿದ ಪುಸ್ತಕ ನನಗೆ ಕಷ್ಟವಾಗುತ್ತದೆ. ಏನು ಮಾಡಲಿ?

ಮೊದಲೇ ತಿಳಿಸಿ, ಕಾರಣವನ್ನು ಯಾರೂ ಕೇಳುವುದಿಲ್ಲ. ಪುಸ್ತಕವನ್ನು ಸೂಚಿಸುವವರು ಅದರಲ್ಲಿರುವ ಕಠೋರ ಪ್ರಸಂಗಗಳು ಯಾವುವೆಂದು ಮತದಾನಕ್ಕೆ ಮುನ್ನ ಹೇಳಬೇಕೆಂಬ ಕ್ರಮವಿದೆ. 'ರೆಕಿಯೆಮ್' ಕೃತಿಯಲ್ಲಿ ಗುಂಡಿಕ್ಕಿ ಕೊಲ್ಲುವ ಪ್ರಸಂಗಗಳಿವೆ. 'ದಿಸ್ತಾನ್ಸಿಯಾ' ಮಕ್ಕಳ ಕಾಯಿಲೆಯ ಕಥೆಯಾದ್ದರಿಂದ ಚಿಕ್ಕ ಮಕ್ಕಳಿರುವ ತಂದೆತಾಯಿಯರನ್ನು ಹೆಚ್ಚು ಕಲಕಬಹುದು.

ಆಯ್ಕೆ ಹೇಗೆ ನಡೆಯುತ್ತದೆ?

ಪುಸ್ತಕವೊಂದನ್ನು ಸೂಚಿಸುವವರು ಅದನ್ನು ಪೂರ್ತಿ ಓದಿರಬೇಕು, ನಡುವಿನ ಒಂದು ಪುಟವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಬಳಿಕ ಪ್ರತಿಯೊಬ್ಬರೂ ಮೂರು ಪುಸ್ತಕಗಳನ್ನು ತಮ್ಮ ಇಷ್ಟದ ಕ್ರಮದಲ್ಲಿ ಬರೆದುಕೊಡುತ್ತಾರೆ. ಮೊದಲನೆಯದಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1 ಅಂಕ. ಒಂದೇ ಮತದ ಪದ್ಧತಿಯಲ್ಲಿ ಕೆಲವರಿಗೆ ತೀರಾ ಇಷ್ಟವಾದ, ಉಳಿದವರಿಗೆ ಬೇಡವಾದ ಪುಸ್ತಕ ಗೆದ್ದುಬಿಡಬಹುದು. ಹೀಗೆ ಅಂಕ ಕೊಟ್ಟಾಗ ಬಹುತೇಕ ಎಲ್ಲರಿಗೂ ಒಪ್ಪಿಗೆಯಾದದ್ದು ಮೇಲೆ ಬರುತ್ತದೆ. ಸಂಚಾಲಕರ ಮತಕ್ಕೂ ಉಳಿದವರಷ್ಟೇ ಬೆಲೆ, ಮೇಲೆ ಹೇಳಿದ ಒಲವು ಒಂದು ಅಭಿಪ್ರಾಯ ಮಾತ್ರ.

ಚರ್ಚೆ ಯಾವ ಭಾಷೆಯಲ್ಲಿ?

ಮೊದಲ ಒಂದು ಗಂಟೆ ಸ್ಪ್ಯಾನಿಷ್‌ನಲ್ಲಿ, ತಪ್ಪುಗಳನ್ನು ಯಾರೂ ನಡುವೆ ತಿದ್ದದೆ. ಆಮೇಲೆ ಕನ್ನಡದಲ್ಲಿ, ಏಕೆಂದರೆ ಮನಸ್ಸನ್ನು ಕಲಕಿದ ವಿಷಯವನ್ನು ಕಲಿತ ಭಾಷೆಯಲ್ಲಿ ಪೂರ್ತಿ ಹೇಳಲು ಎಲ್ಲರಿಗೂ ಆಗುವುದಿಲ್ಲ.

'ರೆಕಿಯೆಮ್' ಆಯ್ಕೆಯಾದರೆ ಓದಿನ ಕ್ರಮ ಹೇಗಿರುತ್ತದೆ?

ಅದಕ್ಕೆ ಅಧ್ಯಾಯಗಳ ವಿಂಗಡಣೆಯಿಲ್ಲ, ಕಥೆ ಒಂದೇ ಹರಿವಿನಲ್ಲಿದೆ. ಆದ್ದರಿಂದ ಪಾಕೋನ ಬದುಕಿನ ಘಟ್ಟಗಳನ್ನು ಅನುಸರಿಸಿ ನಾಲ್ಕು ವಾರಗಳಿಗೆ ಹಂಚಿದ್ದೇವೆ. ಮೊದಲ ವಾರ ಜ್ಞಾನಸ್ನಾನದಿಂದ ಗುಹೆಯ ಮನೆಯ ಪ್ರಸಂಗದವರೆಗೆ, ಎರಡನೆಯ ವಾರ ಮದುವೆಯವರೆಗೆ, ಮೂರನೆಯ ವಾರ ರಾಜ ದೇಶ ಬಿಟ್ಟ ಸುದ್ದಿ ಊರಿಗೆ ತಲುಪಿ ಜಮೀನಿನ ಪ್ರಶ್ನೆ ಏಳುವಲ್ಲಿಂದ ಪಾಕೋ ತಲೆಮರೆಸಿಕೊಳ್ಳುವವರೆಗೆ, ಕೊನೆಯ ವಾರ ಉಳಿದದ್ದು. ಓದುವಾಗ ಪ್ರತಿಯೊಬ್ಬರೂ ಎರಡು ಬಣ್ಣಗಳಲ್ಲಿ ಗುರುತು ಹಾಕಿಕೊಳ್ಳಬೇಕೆಂದು ಕೋರುತ್ತೇವೆ: ಪಾದ್ರಿಗೆ ಗೊತ್ತಿದ್ದದ್ದು ಎಲ್ಲೆಲ್ಲಿ ಬರುತ್ತದೆ ಎಂಬುದಕ್ಕೆ ಒಂದು, ಊರವರಿಗೆ ಗೊತ್ತಿದ್ದದ್ದಕ್ಕೆ ಇನ್ನೊಂದು. 'ಕ್ರೋನಿಕಾ' ಓದುವಾಗ ಮಾಡಿಕೊಂಡ ಟಿಪ್ಪಣಿಗಳನ್ನೂ ಚರ್ಚೆಯ ದಿನ ತನ್ನಿ. ಮೊದಲ ಅರ್ಧ ಗಂಟೆ ಎರಡೂ ಊರುಗಳನ್ನು ಪಕ್ಕಪಕ್ಕದಲ್ಲಿಟ್ಟು ಮಾತಾಡಲಿದ್ದೇವೆ.